ಕುದಿನೀರಿಗೆ ಬಿದ್ದ ಹೆಸರುಕಾಳು

ಇವತ್ತು ಬಾಟನಿ ಲ್ಯಾಬಿನಲ್ಲಿ ನೆನೆದ ಹೆಸರುಕಾಳಿನ ಹಸಿ ವಾಸನೆಗೆ ಮೂಡಿಗೆರೆಯ ಮನೆ ನೆನಪಾಯಿತು. ಅಪ್ಪ ಆಗ ದೊರೆಗಳ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಅಕ್ಕನ ಮದುವೆಯ ಶಾಸ್ತ್ರಕ್ಕೆ ಕಾಳು ನೆನೆಸುವ ಕೆಲಸ ನನ್ನದು. ಹೊತ್ತಿಗೆ ನೆನೆಸಲು ಮರೆತಿದ್ದೆ; ಬೇಗ ಮೊಳೆಯಲೆಂದು ಹಂಡೆಯ ಕುದಿನೀರನ್ನೇ ಸುರಿದು, ಬಟ್ಟೆಯಲ್ಲಿ ಗಂಟು ಕಟ್ಟಿದೆ.

"ಮೊಳಕೆ ಬರ್ಲಿಲ್ಲ ಅಂದ್ರೆ ಬೀಗರು ಮದುವೇನೇ ನಿಲ್ಲಿಸ್ತಾರೆ ಮಾರಾಯ್ತಿ!" ಚಿಕ್ಕಮ್ಮ ಏನೂ ತಿಳಿಯದೆ ನಕ್ಕರು.

ಕುದಿನೀರಿಗೆ ಕಾಳು ಸತ್ತೇಹೋಗಿದ್ದರೆ ಎಂದು ಆಗ ಹೊಳೆಯಿತು. ಅಜ್ಜಿಗೆ ಮಾತ್ರ ಹೇಳಿದೆ.

"ಬಾಯಿ ಮುಚ್ಕೊಂಡಿರು. ಗಂಟು ಬಿಚ್ಬೇಡ," ಎಂದರು.

ಎರಡು ದಿನ ನನಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ಬೀಗರೆದುರು ಗಂಟು ಬಿಚ್ಚಿದರೆ, ಬಟ್ಟೆಯ ತುಂಬ ಬಿಳಿ ಮೊಳಕೆ!

"ನಮ್ಮ ಕಾಳು ಗಟ್ಟಿ," ಎಂದರು ಅಜ್ಜಿ.

ಇವತ್ತು ಲೆಕ್ಚರರು ತೋರಿಸಿದರು: ಕುದಿನೀರಿಗೆ ಬಿದ್ದ ಕಾಳು ಉಬ್ಬುತ್ತದೆ, ಆದರೆ ಎಂದೂ ಮೊಳೆಯುವುದಿಲ್ಲ. ಅಜ್ಜಿ ಗಂಟು ಬದಲಿಸಿದ್ದು ಯಾವಾಗಲೋ! ಪರೀಕ್ಷೆಯಲ್ಲಿ ಸರಿಯುತ್ತರ ಬರೆಯುತ್ತೇನೆ. ಅಜ್ಜಿಯೆದುರು ಮಾತ್ರ, ನಮ್ಮ ಕಾಳು ಗಟ್ಟಿ.