ಅಕ್ಕನ ಬಲಗಿವಿ

ಟಕ್, ಸರ್ರ್, ಟಕ್, ಸರ್ರ್. ಹಾಡು ಮುಗಿದ ಮೇಲೂ ಎತ್ತದೆ ಬಿಟ್ಟ ಮುಳ್ಳು ರೆಕಾರ್ಡಿನ ಒಳಗೆರೆಯಲ್ಲಿ ಸುತ್ತುವ ಸದ್ದು ಅದು. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ನನಗೆ ಮಾತ್ರ ಸೀಲಿಂಗ್ ಫ್ಯಾನು ಸ್ವಲ್ಪ ಲಯ ತಪ್ಪಿದರೂ ಅದೇ ಕೇಳಿಸುತ್ತದೆ, ಎದ್ದು ಕೂರುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ದೆವ್ವ, ಗಾಳಿ, ಶಕುನ ಇವನ್ನೆಲ್ಲ ನಾನು ನಂಬಿದವಳಲ್ಲ. ಬಳ್ಳಾರಿಯ ಕಾನ್ವೆಂಟ್ ಹಾಸ್ಟೆಲಿನಲ್ಲಿ ಬೆಳೆದವಳು. ಕತ್ತಲಿಗೆ ಹೆದರಿ ಅತ್ತರೆ ಸಿಸ್ಟರ್ ಕೈಗೆ ಟಾರ್ಚ್ ಕೊಟ್ಟು, ನೀನೇ ಹೋಗಿ ನೋಡಿ ಬಾ ಎಂದು ಕಳಿಸುತ್ತಿದ್ದರು. ಹೋಗಿ ನೋಡಿದರೆ ಏನೂ ಇರುತ್ತಿರಲಿಲ್ಲ. ಮುಂದೆ ರಾಯದುರ್ಗದಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದಷ್ಟು ವರ್ಷವೂ ಮಕ್ಕಳಿಗೆ ನಾನು ಅದನ್ನೇ ಹೇಳಿಕೊಟ್ಟೆ. ಹೋಗಿ ನೋಡಿ, ಏನೂ ಇರುವುದಿಲ್ಲ. ಈಗ ಯಾರಾದರೂ ಕೇಳಿದರೆ ಹಾಗೆ ಹೇಳಲು ಬಾಯಿ ಬರುವುದಿಲ್ಲ.

ನಾಲ್ಕು ವರ್ಷದ ಹಿಂದೆ ಸರೋಜಕ್ಕ ಮಡಕಶಿರದಿಂದ ರಾಯದುರ್ಗದ ನನ್ನ ಮನೆಗೆ ಬಂದಳು. ಅವಳು ನನ್ನ ಒಡಹುಟ್ಟಿದ ಅಕ್ಕ. ತೀರಿಹೋದ ನನ್ನ ಭಾವ ಅಲ್ಲಿ ಮೈಕ್ ಸೆಟ್ ಇಟ್ಟಿದ್ದರು. ಮದುವೆ, ನಾಮಕರಣ, ಸಾವು, ಯಾವುದಕ್ಕಾದರೂ ಅವರೇ. ಮೈಕಿನ ಹಾರ್ನಿನ ಪಕ್ಕ ಕೂತು ಕೂತು ಅಕ್ಕನ ಬಲಗಿವಿ ಎಂದೋ ಸತ್ತಿತ್ತು. ಈಗ ಎಡಗಿವಿಯೂ ಮಂಕಾಗುತ್ತ ಬಂದಿತ್ತು. ನಮ್ಮೂರಿನಿಂದ ಬಳ್ಳಾರಿ ಹತ್ತಿರವಲ್ಲವೇ, ಅಲ್ಲಿನ ಡಾಕ್ಟರಿಗೆ ತೋರಿಸಿದೆವು. ಈ ಕಿವಿ ಇನ್ನು ಆರು ತಿಂಗಳು, ಹೆಚ್ಚೆಂದರೆ ಒಂದು ವರ್ಷ ಎಂದರು. ಅಕ್ಕ ಅಳಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಒಂದು ಮಾತು ಹೇಳಿದಳು.

"ಪೂರ್ತಿ ಮುಚ್ಚೋಕೆ ಮುಂಚೆ ನಿಮ್ಮ ಭಾವನ ರೆಕಾರ್ಡೆಲ್ಲಾ ಒಂದು ಸಲ ಕೇಳ್ಬೇಕು ಕಣೆ."

ಆ ಮಾತಿನಿಂದ ಶುರುವಾಯಿತು ನಮ್ಮ ಮ್ಯೂಸಿಕ್ ರೂಮು. ಭಾವನ ಮೂರು ಪ್ಲೇಯರುಗಳೂ ನಾಲ್ಕು ಟ್ರಂಕು ರೆಕಾರ್ಡೂ ಮಡಕಶಿರದಿಂದ ಲಗೇಜ್ ಆಟೋದಲ್ಲಿ ಬಂದವು. ಹಳೆಯ ದಪ್ಪ ರೆಕಾರ್ಡಿಗೆ ಬೇರೆ ಮುಳ್ಳು, ಎಲ್‌ಪಿಗೆ ಬೇರೆ. ಮತ್ತೆ ಮತ್ತೆ ಬದಲಾಯಿಸುವ ಗೋಜು ಬೇಡವೆಂದು ಮೂರನ್ನೂ ಸಾಲಾಗಿ ಇಟ್ಟೆವು. ನಡೆದಾಡಿದರೆ ಮುಳ್ಳು ಹಾರುತ್ತದೆ, ಹಾಗಾಗಿ ಕೆಳಗೆ ಕಡಪ ಕಲ್ಲಿನ ಚಪ್ಪಡಿ. ಅಕ್ಕನ ಕುರ್ಚಿಯನ್ನು ಓರೆಯಾಗಿ, ಎಡಗಿವಿ ಸ್ಪೀಕರಿಗೆ ಬರುವ ಹಾಗೆ ಹಾಕಿದೆವು. ಗೋಡೆಗಳಿಂದ ಸದ್ದು ತಿರುಗಿ ಬರಬಾರದೆಂದು, ಪಕ್ಕದಲ್ಲಿ ಜೀನ್ಸ್ ಹೊಲಿಯುವ ತಿಪ್ಪೇಸ್ವಾಮಿಯ ಹತ್ತಿರ ತುಂಡುಬಟ್ಟೆ ಜೋಡಿಸಿ ದಪ್ಪ ಪರದೆ ಹೊಲಿಸಿದೆ. ಅವನು ಅಳತೆ ತೆಗೆಯುತ್ತಾ, "ಗ್ವಾಡಿಗೂ ಪ್ಯಾಂಟ್ ಹಾಕ್ಸಾಕತ್ತೀರಲ್ರಿ ಟೀಚರಮ್ಮಾರ, ಬೆಲ್ಟೂ ಬೇಕೇನ್ರಿ?" ಎಂದ. ಅಕ್ಕ ಆ ದಿನ ನಕ್ಕಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇನ್ನು ನಾನು ಮಾಡಿದ್ದನ್ನು ಹೇಳಬೇಕು. ಭಾವನದೊಂದು ಪದ್ಧತಿ ಇತ್ತು. ಸಾವಿನ ಮನೆಗೆ ಹೋದರೆ ಮೊದಲು ಸತ್ತವರ ಹೆಸರು, ಊರು, ಮಣ್ಣು ಎಷ್ಟು ಹೊತ್ತಿಗೆ ಎಂಬುದನ್ನು ಮೈಕಿನಲ್ಲಿ ಮೂರು ಸಲ ಹೇಳುತ್ತಿದ್ದರು, ಆಮೇಲೆ ದೇವರ ಹಾಡು. ಅಲ್ಲಿ ಹಾಕಿದ ರೆಕಾರ್ಡಿನ ಲೇಬಲ್ ಮೇಲೆ ಇದ್ದಿಲಿನಿಂದ ಒಂದು ಚುಕ್ಕೆ ಇಡುತ್ತಿದ್ದರು. ಚುಕ್ಕೆ ಬಿದ್ದದ್ದನ್ನು ಮತ್ತೆ ಮದುವೆಗೆ ಹಾಕುವಂತಿಲ್ಲ. ಸೂರಿನ ಕೆಳಗಂತೂ ಹಾಕಲೇಬಾರದು, ಏನಿದ್ದರೂ ಬಯಲಿನಲ್ಲಿ. ಚುಕ್ಕೆ ಇರುವುದನ್ನೆಲ್ಲ ಬೇರೆ ಟ್ರಂಕಿಗೆ ಹಾಕು ಎಂದು ಅಕ್ಕ ನನಗೆ ಎರಡು ಸಲ ಹೇಳಿದ್ದಳು.

ನನಗೆ ಅದು ಸಿಲ್ಲಿ ಅನಿಸಿತು. ಒಳ್ಳೊಳ್ಳೆ ರೆಕಾರ್ಡುಗಳನ್ನು ಒಂದು ಚುಕ್ಕೆಗಾಗಿ ಅಕ್ಕ ಕೇಳದೆ ಹೋಗುವುದೇ? ಒದ್ದೆ ಬಟ್ಟೆಯಲ್ಲಿ ಅಷ್ಟೂ ಚುಕ್ಕೆ ಒರೆಸಿ, ಹೊಸ ಕವರಿನಲ್ಲಿಟ್ಟು, ಉಳಿದವುಗಳ ಜೊತೆ ಎ ಟು ಜೆಡ್ ಜೋಡಿಸಿದೆ. ಅವಕ್ಕೆಂದು ತೆಗೆದಿಟ್ಟಿದ್ದ ಖಾಲಿ ಟ್ರಂಕಿಗೆ ಹಳೆಯ ಪೇಪರು ತುಂಬಿ ಬೀಗ ಹಾಕಿದೆ. ಅಕ್ಕನಿಗೆ ಹೇಳಲಿಲ್ಲ.

ಒಂದು ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೊಂದು ದಿನ, ಮಧ್ಯಾಹ್ನ ಮೂರರ ಸುಮಾರಿಗೆ, ನಡುವಿನ ಪ್ಲೇಯರಿನಲ್ಲಿ ರೆಕಾರ್ಡು ಓಡುತ್ತಿದ್ದಾಗ ಕರೆಂಟ್ ಹೋಯಿತು. ಫ್ಯಾನು ನಿಂತಿತು. ಆಂಪ್ಲಿಫೈಯರಿನ ಕೆಂಪು ದೀಪ ಆರಿತು. ಹಾಡು ಜೋಲು ಬಿದ್ದು ನಿಂತಿತು, ರೆಕಾರ್ಡಿನ ಕೆಳಗಿನ ಪ್ಲೇಟೂ ನಿಂತಿತು. ಮುಳ್ಳು ಎತ್ತಬೇಕೆಂದು ನಾನು ಎದ್ದೆ.

ಪ್ಲೇಟು ಮತ್ತೆ ತಿರುಗತೊಡಗಿತು. ರೆಕಾರ್ಡು ತಿರುಗುವುದು ಯಾವಾಗಲೂ ಬಲಕ್ಕೆ, ಗುಡಿಯಲ್ಲಿ ನಾವು ಪ್ರದಕ್ಷಿಣೆ ಹಾಕುವ ಹಾಗೆ. ಇದು ಎಡಕ್ಕೆ ತಿರುಗುತ್ತಿತ್ತು, ಚಿತೆಯನ್ನು ಸುತ್ತುವ ಹಾಗೆ. ನಿಧಾನವಾಗಿ, ಒಂದೇ ವೇಗದಲ್ಲಿ. ಸ್ಪೀಕರು ಸತ್ತಿತ್ತು, ಹಾಡಿನ ನಡುವೆಯೇ ಇದ್ದ ಮುಳ್ಳಿನಿಂದ ಮಾತ್ರ, ಒಳಗೆರೆಗೆ ಬಂದುಬಿಟ್ಟ ಹಾಗೆ, ಟಕ್, ಸರ್ರ್ ಎಂದು ಸಣ್ಣ ಸದ್ದು. ನನ್ನ ಕೈ ಅರ್ಧಕ್ಕೇ ನಿಂತಿತು. ಮುಟ್ಟಲು ಧೈರ್ಯ ಬರಲಿಲ್ಲ, ನಿಜ ಹೇಳುತ್ತೇನೆ. ಮೂರು ಹೆಜ್ಜೆ ದೂರದಲ್ಲಿದ್ದ ಬಾಗಿಲು ತುಂಬ ದೂರ ಇದ್ದ ಹಾಗೆ ಕಂಡಿತು.

ಹಿಂದೆ ಕುರ್ಚಿ ಸರಿದ ಸದ್ದಾಯಿತು. ನೋಡಿದರೆ ಅಕ್ಕ ಪೂರ್ತಿ ತಿರುಗಿ ಕೂತು, ಬಲಗಿವಿಯನ್ನು ಪ್ಲೇಯರಿನ ಕಡೆ ಒಡ್ಡಿದ್ದಾಳೆ. ಸತ್ತ ಕಿವಿಯನ್ನು.

"ಸುಮ್ಕಿರು," ಎಂದಳು. "ನಿಮ್ಮ ಭಾವ. ಹೆಸರು ಹೇಳ್ತಾವ್ರೆ."

ನನಗೆ ಟಕ್, ಸರ್ರ್ ಬಿಟ್ಟು ಏನೂ ಕೇಳಿಸುತ್ತಿರಲಿಲ್ಲ. ಅಕ್ಕ ಒಂದೊಂದೇ ಹೆಸರನ್ನು, ಪಾಠ ಒಪ್ಪಿಸುವ ಹಾಗೆ, ಹೇಳುತ್ತ ಹೋದಳು. ಅಗಳಿಯ ಈರಣ್ಣ. ಕುಂಬಾರ ನರಸಿಂಹಪ್ಪ. ಕುರಿ ಹನುಮಕ್ಕ. ಇನ್ನೂ ಮೂವರು. ಎಲ್ಲರೂ ಎಂದೋ ಹೋದವರು, ಎಲ್ಲರ ಮನೆಗೂ ಭಾವ ಮೈಕ್ ಕಟ್ಟಿದವರೇ. ಆಮೇಲೆ ಅವಳ ಬಾಯಿ ಇನ್ನೊಂದು ಹೆಸರಿಗೆ ತೆರೆದು ಹಾಗೇ ಮುಚ್ಚಿಕೊಂಡಿತು. ನಿಧಾನವಾಗಿ ನನ್ನ ಕಡೆ ನೋಡಿದಳು. ಅಕ್ಕನ ಮುಖದಲ್ಲಿ ಅಂಥ ಹೆದರಿಕೆಯನ್ನು ನಾನು ಭಾವ ಹೋದ ದಿನವೂ ಕಂಡಿರಲಿಲ್ಲ.

"ಏನಂದರು? ಯಾರ ಹೆಸರು?" ಎಂದು ಕೇಳಿದೆ. ಅಷ್ಟರಲ್ಲಿ ಕರೆಂಟ್ ಬಂತು, ಫ್ಯಾನು ತಿರುಗಿತು, ಪ್ಲೇಟು ಒಂದು ಗಳಿಗೆ ತಡೆದು ಬಲಕ್ಕೆ ತಿರುಗಿ ಹಾಡನ್ನು ನಡುವಿನಿಂದ ಹಿಡಿಯಿತು. ನಾನು ಗೋಡೆಯ ಪ್ಲಗ್ಗನ್ನೇ ಕಿತ್ತೆ.

ಆ ಸಂಜೆ ಕುಕ್ಕರ್ ಕೂಗಿದಾಗ ಪಕ್ಕದಲ್ಲೇ ಕೂತಿದ್ದ ಅಕ್ಕ ತಿರುಗಲಿಲ್ಲ. ಹತ್ತಿರ ಹೋಗಿ ಎಡಗಿವಿಗೆ ಕೂಗಿದೆ. ಕೇಳಿಸಲಿಲ್ಲ. ವರ್ಷ ಉಳಿಯಬಹುದೆಂದಿದ್ದ ಕಿವಿ ಒಂದೇ ಮಧ್ಯಾಹ್ನಕ್ಕೆ ಮುಗಿದಿತ್ತು. ಟ್ರಂಕಿನಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ರೆಕಾರ್ಡು ಅವಳು ಕೇಳಿರಲಿಲ್ಲ.

ಬಳ್ಳಾರಿಯ ಡಾಕ್ಟರು, ಕೆಲವರಿಗೆ ಹೀಗೆ ದಿಢೀರನೆ ಹೋಗುವುದುಂಟು ಎಂದರು. ಬಲಗಿವಿಯ ನರದಲ್ಲಿ ಜೀವವೇ ಇಲ್ಲ, ನೆನಪಿನಲ್ಲಿರುವುದೇ ಒಮ್ಮೊಮ್ಮೆ ಕೇಳಿದ ಹಾಗಾಗುತ್ತದೆ ಅಮ್ಮಾ ಎಂದೂ ಸಮಾಧಾನ ಹೇಳಿದರು. ಅಕ್ಕನ ಮಟ್ಟಿಗೆ ಅದನ್ನು ಒಪ್ಪಿಕೊಳ್ಳಬಹುದು. ಆದರೆ ಪ್ಲೇಟನ್ನು ಕಂಡದ್ದು ನನ್ನ ಕಣ್ಣು. ಎಲೆಕ್ಟ್ರೀಷಿಯನ್ನನ್ನು ಕರೆಸಿದೆ. ಈ ಮೋಟಾರು ಎಡಕ್ಕೆ ಓಡುವುದೇ ಇಲ್ಲ ಎಂದು ಬಿಚ್ಚಿ ತೋರಿಸಿದ. ಬೆರಳಲ್ಲಿ ಹಿಂದಕ್ಕೆ ತಳ್ಳಿದರೆ ಅರ್ಧ ಸುತ್ತಿಗೇ ನಿಲ್ಲುತ್ತಿತ್ತು. ಅದರ ಮೇಲಿದ್ದ ರೆಕಾರ್ಡನ್ನು ಬಿಸಿಲಿಗೆ ಹಿಡಿದು ಎಷ್ಟೋ ಹೊತ್ತು ನೋಡಿದೆ. ಲೇಬಲ್ಲು ಕ್ಲೀನಾಗಿತ್ತು. ಅಲ್ಲಿ ಚುಕ್ಕೆ ಇತ್ತೋ ಇರಲಿಲ್ಲವೋ ತಿಳಿಯುವ ದಾರಿಯನ್ನು ನಾನೇ ಒರೆಸಿ ಹಾಕಿದ್ದೆ.

ಅಕ್ಕ ಊರಿಗೆ ಹೋಗುತ್ತೇನೆ ಎಂದಳು. ಮುಂದಿನ ತಿಂಗಳು ಮಡಕಶಿರದಲ್ಲಿ ನಿದ್ದೆಯಲ್ಲೇ ತೀರಿಕೊಂಡಳು. ಹಾಗಾದರೆ ಆ ಹೆಸರು ಅವಳದೇ ಎಂದು ನೀವು ಹೇಳಬಹುದು. ನಾನೂ ಹಾಗೆ ಹೇಳಿಕೊಂಡು ಮಲಗುತ್ತೇನೆ. ಅವಳದೇ ಆಗಿದ್ದರೆ ನನ್ನನ್ನು ಯಾಕೆ ಹಾಗೆ ನೋಡಿದಳು ಎಂಬುದೊಂದು ಬಗೆಹರಿಯುವುದಿಲ್ಲ.

ಅವಳನ್ನು ಕೊನೆಯ ಸಲ ಕಂಡದ್ದು ರಾಯದುರ್ಗದ ಬಸ್‌ಸ್ಟ್ಯಾಂಡಿನಲ್ಲಿ. ಕರೆದೊಯ್ಯಲು ಬಂದಿದ್ದ ಅವಳ ಮಗ ಬ್ಯಾಗು ಮೇಲಿಡುತ್ತಿದ್ದ. ಅವಳು ಕಿಟಕಿಯ ಪಕ್ಕ ಕೂತಿದ್ದಳು. ಮಾತು ಕೇಳಿಸುವುದಿಲ್ಲವಲ್ಲ, ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಕೊಟ್ಟೆ. "ಚುಕ್ಕೆ ಒರೆಸಿದ್ದು ನಾನು. ಕೊನೆಗೆ ಯಾರ ಹೆಸರು ಬಂತು?" ಅಕ್ಕ ಕನ್ನಡಕ ಹಾಕಿಕೊಂಡು ಓದಿದಳು. ಇನ್ನೊಂದು ಸಲ ಓದಿದಳು. ಕಿಟಕಿಯಿಂದ ಕೈ ಚಾಚಿ, ನಾನು ಚಿಕ್ಕವಳಿದ್ದಾಗ ಹಾಸ್ಟೆಲಿಗೆ ಬಿಟ್ಟು ಹೋಗುವಾಗ ಮಾಡುತ್ತಿದ್ದಂತೆ, ನನ್ನ ಗಲ್ಲ ಹಿಡಿದಳು.

"ಹೊತ್ತೊತ್ತಿಗೆ ಉಣ್ಣು," ಎಂದಳು.

ಬಸ್ಸು ಇನ್ನೂ ಸ್ಟಾರ್ಟ್ ಆಗಿರಲಿಲ್ಲ. ಚೀಟಿಯನ್ನು ಸಣ್ಣಗೆ ಮಡಿಸಿ ಮುಷ್ಟಿಯಲ್ಲಿಟ್ಟುಕೊಂಡು, ಅವಳು ಕಿಟಕಿಯ ಗಾಜು ಎಳೆದುಕೊಂಡಳು.