ಹಲಸಿನ ತೊಳೆಯ ಪರೀಕ್ಷೆ

ಸ್ಕ್ಯಾನ್ ನೋಡಿದ ಡಾಕ್ಟರು "ಸಬ್ ಠೀಕ್ ಹೈ ಕಾಕಾ" ಎಂದಾಗ ನನಗೆ ಸಂತೋಷವಾಗಲಿಲ್ಲ. ಕೀಮೋ, ರೇಡಿಯೇಶನ್ ಮುಗಿದಾಗಲೂ ಇದೇ ಮಾತು, ಇದೇ ನಗು. ಆಗ ನಂಬಿ, ಬೈಕುಲ್ಲಾದ ನಮ್ಮ ಹೋಟೆಲಿನಲ್ಲಿ ಗಿರಾಕಿಗಳಿಗೆಲ್ಲ ಪಾಯಸ ಹಂಚಿದ್ದೆ. ಕೆಲವೇ ತಿಂಗಳಲ್ಲಿ ಗುದದ್ವಾರದ ಕ್ಯಾನ್ಸರ್ ಅದೇ ಜಾಗದಲ್ಲಿ ಮತ್ತೆ ತಲೆಯೆತ್ತಿತು. ಇನ್ನು ಆಪರೇಶನ್ ಒಂದೇ ದಾರಿ ಎಂದರು. ಗುದದ್ವಾರವನ್ನೇ ತೆಗೆದು ಹೊಲಿದರು. ಹೊಟ್ಟೆಯ ಎಡಕ್ಕೆ ತೂತು ಮಾಡಿ, ಮಲಕ್ಕೊಂದು ಚೀಲ ಅಂಟಿಸಿದರು. ಬದುಕಿರುವವರೆಗೆ ಅದು ನನ್ನ ಜೊತೆಗೇ.

ಹಾಗಾಗಿ ಈ ಸಲ ಡಾಕ್ಟರನ್ನು ಬಿಟ್ಟು ಹೆಂಡತಿಯ ಮುಖ ನೋಡಿದೆ. ನನಗಿಂತ ಮೊದಲು ಒಳಗೆ ಹೋಗಿ ಮಾತಾಡಿ ಬಂದವಳು ಅವಳು.

ಸಂಶಯಕ್ಕೆ ಕಾರಣವಿತ್ತು. ಮದುವೆಯಾದಂದಿನಿಂದ ನನ್ನ ಒಂದು ಮಾತನ್ನೂ ಸುಮ್ಮನೆ ಒಪ್ಪಿದವಳಲ್ಲ. ಆಪರೇಶನ್ ಆದ ಮೇಲೆ ಎಲ್ಲದಕ್ಕೂ "ಆಯ್ತು". ಗಲ್ಲಾದಲ್ಲಿ ಕೂತು ಕೂತು ನನಗೆ ಗೊತ್ತು, ಬಹಳ ನಯವಾಗಿ ಮಾತಾಡುವ ಗಿರಾಕಿಯೇ ಬಿಲ್ಲು ಕೊಡದೆ ಜಾರುವವನು. ಅತಿವಿನಯಂ ಧೂರ್ತಲಕ್ಷಣಂ ಎಂದು ಸುಮ್ಮನೆ ಹೇಳಿಲ್ಲ. ಸಾಲದ್ದಕ್ಕೆ, ಊರಿನಿಂದ ನೋಡಲು ಬಂದ ಅಕ್ಕ ಬೊರಿವಲಿಯ ನಮ್ಮ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ, "ನಿನಗೆ ಎಂತ ತಿನ್ನುವ ಆಸೆ ಉಂಟು, ಹೇಳು" ಎಂದಿದ್ದಳು. ನಮ್ಮ ಉಡುಪಿ ಕಡೆ ಹಾಗೆ ಕೇಳುವುದು ಇಬ್ಬರನ್ನು: ಬಸುರಿಯನ್ನು, ಹೊರಟವನನ್ನು. ನಾನು ಬಸುರಿಯಲ್ಲ.

ಪರೀಕ್ಷೆ ಮಾಡಿಯೇ ಬಿಡೋಣ ಅನ್ನಿಸಿತು. ಹಲಸಿನ ಹಣ್ಣು ನನಗೆ ಪ್ರಾಣ. ಆದರೆ ತಿಂದರೆ ಗಾಳಿ ತುಂಬಿ ಚೀಲ ಬಲೂನಿನಂತೆ ಉಬ್ಬುತ್ತದೆ. ಬದುಕುವವನಿಗೆ ಅವಳು ಅದನ್ನು ಕೊಡುವುದಿಲ್ಲ. ಹೊರಟವನಾದರೆ ಬಿಡಿಸಿ ಬಾಯಿಗೇ ಇಡುತ್ತಾಳೆ.

ಆಸ್ಪತ್ರೆಯಿಂದ ಅವಳನ್ನು ಮನೆಗೆ ಕಳಿಸಿ, ಹೋಟೆಲಿನ ನೆಪ ಹೇಳಿ ಬೈಕುಲ್ಲಾಕ್ಕೆ ಹೋದೆ. ಮಾರ್ಕೆಟಿನಲ್ಲಿ ತೊಳೆಗಳನ್ನು ಕಟ್ಟಿಸಿಕೊಂಡು, ದಾದರಿನಲ್ಲಿ ಲೋಕಲ್ ಬದಲಿಸಿ, ರೈಲಿನ ಡಬ್ಬಿಯೆಲ್ಲ ಪರಿಮಳ ಮಾಡಿಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ಅವಳು ಬೇಡ ಅನ್ನಲಿ ಎಂದೇ ಬೇಡಿಕೊಳ್ಳುತ್ತಿದ್ದೆ.

"ಆಸೆಯಾಯಿತು" ಎಂದು ಕಟ್ಟನ್ನು ಅವಳ ಮುಂದಿಟ್ಟೆ.

ಅವಳು ತಟ್ಟೆ ತಂದಳು. ತೊಳೆಗಳನ್ನು ಒಂದೊಂದಾಗಿ ಅದರಲ್ಲಿಟ್ಟಳು. ಹಾಗಾದರೆ ನಾನು ಹೊರಟವನೇ. ಆಮೇಲೆ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು ಒಂದು ತೊಳೆ ಬಾಯಿಗೆ ಹಾಕಿಕೊಂಡಳು.

"ತಲೆ ಸರಿ ಉಂಟಾ ನಿಮಗೆ? ನಾಡಿದ್ದು ಮದುವೆಗೆ ಹೋಗ್ಲಿಕ್ಕುಂಟು. ಮಂಟಪದಲ್ಲಿ ಚೀಲ ಉಬ್ಬಿದ್ರೆ ಮರ್ಯಾದೆ ಹೋಗುದು ಯಾರದ್ದು? ವಯಸ್ಸಾಯ್ತು, ಬುದ್ಧಿ ಮಾತ್ರ ಬರ್ಲಿಲ್ಲ!"

ಬೈಗುಳ ನಿಲ್ಲಲಿಲ್ಲ. ಕೇಳುತ್ತ ಕೇಳುತ್ತ ನನಗೆ ಅಳು ಬಂತು. ಸ್ಕ್ಯಾನ್ ತಪ್ಪಬಹುದು, ಮುಂದಿನದಕ್ಕೂ ನಾನು ಹೆದರುವವನೇ. ಆದರೆ ಇವಳು ಏನನ್ನೂ ಮುಚ್ಚಿಟ್ಟಿರಲಿಲ್ಲ.

"ಇಷ್ಟು ದಿನ ಯಾಕೆ ಬಯ್ಯಲಿಲ್ಲ?" ಎಂದೆ.

ಅವಳು ಅಗಿಯುವುದನ್ನು ನಿಲ್ಲಿಸಿದಳು. "ಬಯ್ದ ಮೇಲೆ ನೀವು ಹೋಗಿಬಿಟ್ರೆ? ಇವತ್ತು ಡಾಕ್ಟ್ರು ಠೀಕ್ ಹೈ ಅಂದ್ರಲ್ಲ."

ತಟ್ಟೆ ಖಾಲಿಯಾಯಿತು. ನನಗೆ ಒಂದು ತೊಳೆಯನ್ನೂ ಕೊಡಲಿಲ್ಲ.