ಗುಲ್ಜಾರ್ ಬೀ ಕೈಯಳತೆಯ ಬಳೆ

ಗುಲ್ಜಾರ್ ಬೀ ಕೈಯನ್ನು ಮೊದಲ ಸಲ ಹಿಡಿದವರು ಒಂದು ಗಳಿಗೆ ಹೆದರಿಯೇ ಹೆದರುತ್ತಾರೆ. ಒಳಗೆ ಮೂಳೆಯೇ ಇಲ್ಲವೇನೋ ಅನ್ನುವ ಹಾಗೆ ಅದು ನಮ್ಮ ಮುಷ್ಟಿಯಲ್ಲಿ ಮಡಚಿಕೊಂಡುಬಿಡುತ್ತದೆ. ಹೆಬ್ಬೆರಳನ್ನು ತಳ್ಳಿದರೆ ಮುಂಗೈಗೆ ಹೋಗಿ ಮಲಗುತ್ತದೆ. ಉಳಿದ ಬೆರಳುಗಳು ಹಿಂದಕ್ಕೆ ಬಾಗುತ್ತಾ ಹೋಗುತ್ತವೆ, ಎಲ್ಲಿ ನಿಲ್ಲಬೇಕು ಅಂತ ಯಾರೂ ಅವಕ್ಕೆ ಹೇಳಿಕೊಟ್ಟ ಹಾಗಿಲ್ಲ. ನಾನು ಹಿಡಿದ ದಿನ ಗಾಬರಿಯಾಗಿ ಕೈ ಬಿಟ್ಟುಬಿಟ್ಟಿದ್ದೆ. ಅವಳು ನಕ್ಕು, "ಮುರಿಯಲ್ಲ ಕಣಮ್ಮಿ. ಅಲ್ಲಾ ನನ್ ಕೀಲಿಗೆ ಒಸಿ ಎಣ್ಣೆ ಜಾಸ್ತಿ ಬುಟ್ಟವ್ನೆ, ಅಷ್ಟೇಯ" ಅಂದಳು.

ಹುಟ್ಟಿ ಬೆಳೆದದ್ದು ಮಾಗಡಿಯಲ್ಲಿ. ಶಾಲೆಯಲ್ಲಿ ಮೇಷ್ಟ್ರು ಅಂಗೈ ಚಾಚಲು ಹೇಳಿ ಬೆತ್ತ ಬೀಸಿದರೆ ಇವಳ ಬೆರಳು ಬೆತ್ತದ ಜೊತೆಗೇ ಕೆಳಕ್ಕೆ ಬಾಗಿಬಿಡುತ್ತಿದ್ದವಂತೆ, ಏಟೇ ಬೀಳುತ್ತಿರಲಿಲ್ಲ. ಮೇಷ್ಟ್ರಿಗೆ ಅವಮಾನ, ಮಕ್ಕಳಿಗೆ ಹಬ್ಬ. ಆದರೆ ಅದೇ ಕೈಗೆ ಉಪ್ಪಿನಕಾಯಿ ಭರಣಿಯ ಮುಚ್ಚಳ ತಿರುಗಿಸಲು ಬರುತ್ತಿರಲಿಲ್ಲ. ತುಂಬಿದ ಬಿಂದಿಗೆ ಎತ್ತಿದರೆ ಮಣಿಕಟ್ಟಿನ ಕೀಲು ಜಾರಿ ಎರಡು ದಿನ ನೋವು. ಬೇಸರವಾದಾಗ ಅವಳ ಮುನ್ನೀ ನಾನಿ, ಅಂದರೆ ತಾಯಿಯ ತಾಯಿ, ಢೋಲಕ್ ತಂದು ಮುಂದಿಡುತ್ತಿದ್ದಳು. ಬಾಗುವ ಬೆರಳು ಹಿಂದಕ್ಕೆ ಹೋಗಿ ಒಂದರ ಹಿಂದೆ ಒಂದು ಚರ್ಮದ ಮೇಲೆ ಬಿದ್ದರೆ ಒಂದೇ ಏಟಿಗೆ 'ಟರ್ರ್' ಅಂತ ಸದ್ದು ಬರುತ್ತಿತ್ತು. ಬಿರುಸು ಬೆರಳಿನ ನಾನಿಗೆ ಅದು ಎಷ್ಟು ಮಾಡಿದರೂ ಬರಲಿಲ್ಲ. ಮದುವೆ ಮನೆಗಳಲ್ಲಿ ಗಂಡಿನ ಕಡೆಯವರನ್ನು ಗೇಲಿ ಮಾಡಿ ಹಾಡಲು ಕೂತರೆ ಮಾಗಡಿಯ ಹೆಂಗಸರು ಮೊದಲು ಕೇಳುತ್ತಿದ್ದದ್ದು ಗುಲ್ಜಾರ್ ಬಂದಳೋ ಇಲ್ಲವೋ ಅಂತ.

ಮದುವೆಯಾಗಿ ಚನ್ನಪಟ್ಟಣಕ್ಕೆ ಬಂದಳು. ಮಾವ ವಹಾಬ್ ಸಾಬ್ರು ಗೊಂಬೆ ಮಾಡುವವರು. ಮನೆ ಹಿಂದಿನ ಶೆಡ್ಡಿನಲ್ಲಿ ಮರ ತಿರುಗಿಸಿ ಕೆತ್ತುವ ಎರಡು ಲೇತು, ಒಂದು ಅವರದು, ಇನ್ನೊಂದು ಮಗ ಸುಹೇಲನದು, ಅಂದರೆ ಗುಲ್ಜಾರ್ ಗಂಡನದು. ಲೇತು ಗಂಡಸರಿಗೆ, ಬ್ರಷ್ಷು ಹೆಂಗಸರಿಗೆ ಅನ್ನುವುದು ಆ ಮನೆಯ ಕಾನೂನು. ಸೊಸೆಯ ಕೈಗೆ ಕೂದಲೆಳೆಯಂಥ ಬ್ರಷ್ ಕೊಟ್ಟು ಗೊಂಬೆಗೆ ಕಣ್ಣು ಮೂಗು ಬರೆಯಲು ಕೂರಿಸಿದರು. ಸಣ್ಣದನ್ನು ಚಿವುಟಿ ಹಿಡಿಯುವುದು ಈ ಕೈಗೆ ಆಗದ ಕೆಲಸ. ಹೆಬ್ಬೆರಳು ಒಳಕ್ಕೆ ಕುಸಿಯುತ್ತಿತ್ತು, ಸಂಜೆಗೆ ಚಹಾದ ಲೋಟ ಎತ್ತಲೂ ಆಗುತ್ತಿರಲಿಲ್ಲ. ರಾಮನಗರದ ಒಬ್ಬ ಡಾಕ್ಟರು ನೋಡಿ, ಇದು ಕಾಯಿಲೆಯಲ್ಲ, ಹುಟ್ಟಿನಿಂದಲೇ ಕೀಲು ಸಡಿಲ, ನೋಯುವ ಕೆಲಸ ಬಿಟ್ಟು ನೋಯದ ಕೆಲಸ ಮಾಡಿ ಅಂದರು. ಹೇಳುವುದು ಸುಲಭ. ಬಣ್ಣದ ಬಟ್ಟಲು ಮುಂದಿಟ್ಟುಕೊಂಡು ಕೂತ ಆ ಎರಡು ವರ್ಷ ಢೋಲಕ್ ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು. ಬಾರಿಸಲು ಕೈಯಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಈಗ ನಾನು ಯಾರು ಅಂತ ಹೇಳಬೇಕು. ನಾನು ರಾಮನಗರದ ಪಕ್ಕದ ಕೈಲಾಂಚದ ದಿವ್ಯ. ರಾಮನಗರ ಇನ್ನೂ ಜಿಲ್ಲೆಯಾಗಿರದ ಕಾಲ ಅದು. ಮೈಸೂರು ರಸ್ತೆ ಅಗಲವಾಗಿತ್ತು, ನಿನ್ನೆ ಹಿಪ್ಪುನೇರಳೆ ಇದ್ದ ಹೊಲದಲ್ಲಿ ಇವತ್ತು ಕಾಂಪೌಂಡು ಏಳುತ್ತಿತ್ತು. ಬೆಳಗಾದರೆ ಊರೂರಿಗೆ ವ್ಯಾನು ಬಂದು ಹೆಂಗಸರನ್ನು ತುಂಬಿಕೊಂಡು ಹೋಗುತ್ತಿತ್ತು. ನಾನು ಹೊಸದಾಗಿ ಶುರುವಾದ ಒಂದು ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಿದ್ದೆ. ಲೇತು ಬಿಟ್ಟು ಸ್ಟೇರಿಂಗ್ ಹಿಡಿದಿದ್ದ ಸುಹೇಲನೇ ನಮ್ಮ ವ್ಯಾನಿನ ಡ್ರೈವರು, ನನಗೆ ಗುಲ್ಜಾರ್ ಪರಿಚಯವಾದದ್ದೂ ಅವನ ಕಡೆಯಿಂದಲೇ. ಅವನು ಬಿಟ್ಟು ಬಂದ ಲೇತು ಖಾಲಿ ಬಿದ್ದಿತ್ತು.

ಖಾಲಿ ಅಂತ ಮಾವ ತಿಳಿದುಕೊಂಡಿದ್ದರು, ಅಷ್ಟೆ. ಅವರು ಶುಕ್ರವಾರ ನಮಾಜಿಗೆ ಹೋದ ಹೊತ್ತಿನಲ್ಲಿ ಗುಲ್ಜಾರ್ ಬೀ ಅದರ ಮುಂದೆ ಕೂತುಬಿಡುತ್ತಿದ್ದಳು. ಉಳಿಯ ಹಿಡಿಗೆ ಹಳೇ ಸೀರೆಯ ತುಂಡು ಸುತ್ತಿ ದಪ್ಪ ಮಾಡಿಕೊಂಡಳು. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡಳು. ಚಿವುಟುವ ಕೆಲಸವೇ ಇಲ್ಲ, ಗೊಂಬೆಗೆ ಬಳಸುವ ಆಲೆ ಮರದ ತುಂಡು ತಾನೇ ತಿರುಗುತ್ತದೆ, ಇವಳು ಅದಕ್ಕೆ ಒರಗಬೇಕು. ಅರಗಿನ ಕಡ್ಡಿಯನ್ನು ಇಡೀ ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಕೆಂಪು ಹತ್ತುತ್ತಿತ್ತು. ಮೇಲೆ ತಾಳೆಗರಿ ಹಿಡಿದರೆ ಮುಖ ಕಾಣುವ ಹೊಳಪು. ತಿರುಗುವ ಗುಂಡನೆಯ ಮರದ ಮೇಲೆ ಅವಳ ಅಂಗೈ ಹಾಗೇ ಬಾಗಿ ಅಂಟಿಕೊಳ್ಳುತ್ತಿತ್ತು, ಬೇರೆಯವರ ಕೈಗೆ ಸಿಗದ ಮೂಲೆಯೂ ಅವಳಿಗೆ ಸಿಗುತ್ತಿತ್ತು. "ಮದ್ವೆ ಮನೇಲಿ ಢೋಲಕ್ ಬಾರಿಸ್ತಾ ಬಾರಿಸ್ತಾ ತಲೆ ತಿರುಗುತ್ತಲ್ಲ, ಅಂಥ ಖುಷಿ" ಅಂತ ನನ್ನ ಹತ್ತಿರ ಹೇಳಿದ್ದಳು. ಹಾಗೆ ಮೊದಲ ಸಲ ಕೂತ ದಿನ ರಾತ್ರಿ ಕೈ ನೋಯಲಿಲ್ಲವಂತೆ. ಢೋಲಕ್ ಅಟ್ಟದಿಂದ ಇಳಿಯಿತು.

ಒಂದು ಶುಕ್ರವಾರ ಮಾವ ಬೇಗ ಬಂದುಬಿಟ್ಟರು. ಬಾಗಿಲಲ್ಲಿ ನಿಂತು ನೋಡಿದರು, ಬೈಯಲಿಲ್ಲ. ಬೈಯದೆ ನಿಂತರೆ ಇನ್ನೂ ಭಯ ಅನ್ನುತ್ತಾಳೆ ಗುಲ್ಜಾರ್. ಆ ವಾರವೇ ಸುಹೇಲ್ ನಮ್ಮ ಗಾರ್ಮೆಂಟ್ಸಿನಿಂದ ಒಂದು ಆರ್ಡರ್ ತಂದಿದ್ದ. ಫ್ಯಾಕ್ಟರಿಗೆ ಒಂದು ವರ್ಷ ತುಂಬುತ್ತದೆ, ಕೆಲಸದ ಹೆಂಗಸರಿಗೆಲ್ಲ ಅರಗಿನ ಮರದ ಬಳೆ ಉಡುಗೊರೆ ಕೊಡಬೇಕು ಅಂತ. ವಹಾಬ್ ಸಾಬ್ರು ಹುಟ್ಟಿದಾಗಿನಿಂದ ಗೊಂಬೆ, ಬುಗುರಿ, ಗಿಲಕಿ ಮಾಡಿದವರು. ಬಳೆ ಅವರ ಮನೆಯಲ್ಲಿ ಯಾರೂ ಮಾಡಿರಲಿಲ್ಲ. ಹೆಂಗಸರ ಸಾಮಾನು ತಾನೆ, ನೀನೇ ಮಾಡು ಅಂದರು ಸೊಸೆಗೆ. ಆರ್ಡರ್ ಪಾಸಾದರೆ ಸುಹೇಲನ ಲೇತು ಅವಳದು. ವಾಪಸ್ ಬಂದರೆ ಮತ್ತೆ ಬ್ರಷ್ಷು, ಲೇತಿನ ಮಾತೇ ಎತ್ತಬಾರದು.

"ಅಳತೆ ಹೆಂಗೆ ಅಬ್ಬಾ?" ಅಂತ ಇವಳು ಮಾವನನ್ನು ಕೇಳಿದಳು.

"ನಿನ್ ಕೈ ಐತಲ್ಲ" ಅಂದರು ಸಾಬ್ರು.

ನಿಮಗೆ ಅರ್ಥವಾಗಿರಬೇಕು. ಆ ಮನೆಯಲ್ಲಿ ಮಾತ್ರ ಯಾರಿಗೂ ಆಗಲಿಲ್ಲ. ಗುಲ್ಜಾರ್ ಬೀ ಮೊದಲ ಬಳೆ ಮಾಡಿ ಕೈಗೆ ಹಾಕಿದಳು. ಹೆಬ್ಬೆರಳು ಅಂಗೈಯೊಳಗೆ ಮಡಚಿ, ಗೆಣ್ಣುಗಳು ಒಂದರ ಕೆಳಗೆ ಒಂದು ನುಸುಳಿ, ಬಳೆ ಸಲೀಸಾಗಿ ಮಣಿಕಟ್ಟಿಗೆ ಹೋಯಿತು. ಕೈ ಇಳಿಬಿಟ್ಟರೆ ಅಷ್ಟೇ ಸಲೀಸಾಗಿ ಕೆಳಗೆ ಬಿತ್ತು. ಸಡಿಲವಾಯಿತು ಅಂತ ಇನ್ನೊಂಚೂರು ಚಿಕ್ಕದು ಮಾಡಿದಳು. ಅದೂ ಬಿತ್ತು. ಇನ್ನೂ ಚಿಕ್ಕದು ಮಾಡಿದಳು. ಬೀಳದ ಅಳತೆ ಸಿಕ್ಕಿದಾಗ ಅದನ್ನೇ ಇಟ್ಟುಕೊಂಡು ಒಂದು ಮೂಟೆ ಬಳೆ ಕೆತ್ತಿ ಹಾಕಿದಳು. ಮಾವ ಒಂದೊಂದನ್ನೂ ಎತ್ತಿ ಬಣ್ಣ ನೋಡಿದರು, ಹೊಳಪು ನೋಡಿದರು, ಕೆನ್ನೆಗೆ ಒತ್ತಿ ನುಣುಪು ನೋಡಿದರು. ಕೈಗೆ ಹಾಕಿ ನೋಡಲು ಗಂಡಸಿಗೆ ಹೊಳೆಯುವುದಾದರೂ ಹೇಗೆ?

ಉಡುಗೊರೆಯ ದಿನ ಊಟದ ಹೊತ್ತಿಗೆ ನಮ್ಮನ್ನೆಲ್ಲ ಪ್ಯಾಕಿಂಗ್ ಹಾಲಿನಲ್ಲಿ ಸೇರಿಸಿದರು. ಗುಲ್ಜಾರ್ ಬೀ ಹೊಸ ಬುರ್ಖಾ ಹಾಕಿಕೊಂಡು ಮೂಟೆಯ ಪಕ್ಕದಲ್ಲಿ ಮದುವೆ ಹೆಣ್ಣಿನ ಹಾಗೆ ಕೂತಿದ್ದಳು. ಸೂಪರ್‌ವೈಸರ್ ಜಯಕುಮಾರ್ ಸಾರು ಎರಡು ಮಾತಾಡಿ ಬಳೆ ಹಂಚಿದರು. ಎಂಥ ಬಳೆ ಅಂತೀರಿ, ಕೆಂಪು, ಹಳದಿ, ಗಿಣಿ ಹಸಿರು, ನೆಕ್ಕಬೇಕು ಅನ್ನಿಸುವ ಹೊಳಪು. ನಾವೆಲ್ಲ ಒಟ್ಟಿಗೆ ಕೈಗೆ ಏರಿಸಿದೆವು. ಒಬ್ಬರಿಗೂ ಗೆಣ್ಣು ದಾಟಲಿಲ್ಲ.

ಸಾತನೂರು ಕಡೆಯ ಸರಸಮ್ಮ ಅಂತ ಒಬ್ಬರಿದ್ದರು, ನಮಗೆಲ್ಲ ಹಿರಿಯರು, ರಾಗಿ ಬೀಸಿ ಬೀಸಿ ಹಾರೆಯಂಥ ಕೈ. ಅವರ ಬಳೆ ಬೆರಳಲ್ಲೇ ನಿಂತುಬಿಟ್ಟಿತು. "ಇದೇನಮ್ಮ, ಉಂಗ್ರ ತಂದಿದ್ದೀಯಾ?" ಅಂದರು.

"ಇಲ್ಲ ಸರಸಮ್ಮಾರೇ, ಆಯ್ತದೆ, ನೋಡಿ" ಅಂತ ಗುಲ್ಜಾರ್ ಎದ್ದು ಒಂದು ಬಳೆ ತೆಗೆದುಕೊಂಡಳು. ಕೈ ಮಡಚಿಕೊಂಡಿತು, ಬಳೆ ನುಸುಳಿತು. ಹಾಲಿಗೆ ಹಾಲೇ ಉಸಿರು ಎಳೆದುಕೊಂಡಿತು. ಯಾರೋ ಹಿಂದಿನಿಂದ ಇನ್ನೊಂದು ಸಲ ಮಾಡು ಅಂದರು. ಮಾಡಿದಳು. ಆಮೇಲೆ ನನ್ನ ಕೈ ಹಿಡಿದು ಅದನ್ನೂ ಹಾಗೇ ಮಡಚಲು ನೋಡಿದಳು. ನನ್ನ ಕೈಗೆ ಮೂಳೆ ಇದೆ ಅಂತ ನಾನು ಕಿರುಚಿಕೊಂಡೆ. ಆಗ ಸರಸಮ್ಮ ನಗಲು ಶುರು ಮಾಡಿದವರು ಗೋಡೆ ಹಿಡಿದುಕೊಂಡು ಕೂತರು. ಅವರ ನಗು ನಮಗೆಲ್ಲ ಹತ್ತಿಕೊಂಡಿತು. ಇಷ್ಟೂ ಬಳೆಯನ್ನು ತನ್ನ ಒಬ್ಬಳ ಕೈಗೆ ಮಾಡಿಕೊಂಡಿದ್ದೇನೆ ಅನ್ನುವುದು ಗುಲ್ಜಾರಿಗೆ ಹೊಳೆದದ್ದೂ ಆಗಲೇ. ಅವಳೂ ನಕ್ಕಳು. ನಗುತ್ತಲೇ ಅವಳ ಕಣ್ಣಲ್ಲಿ ನೀರು ತುಂಬಿದ್ದು ನಾನು ನೋಡಿದೆ.

ಜಯಕುಮಾರ್ ಸಾರು ನಗಲಿಲ್ಲ. "ಎಲ್ಲ ವಾಪಸ್ ಕೊಡಿ. ಮೂಟೆ ಕಟ್ಟಿ ಕಳಿಸ್ತೀನಿ" ಅಂತ ಮುಖ ಊದಿಸಿಕೊಂಡು ಫೋನ್ ಮಾಡಲು ಆಫೀಸಿಗೆ ಹೋದರು.

ವಾಪಸ್ ಅನ್ನುವ ಮಾತು ಕೇಳಿ ಗುಲ್ಜಾರ್ ಖಾಲಿ ರಟ್ಟಿನ ಡಬ್ಬದ ಪಕ್ಕ ಕುಸಿದು ಕೂತಳು. ಅವಳು ನಮ್ಮನ್ನು ನೋಡುತ್ತಿರಲಿಲ್ಲ. ಬೆರಳು ಮಾತ್ರ ತಮ್ಮ ಪಾಡಿಗೆ ಡಬ್ಬದ ಮೇಲೆ ಆಡತೊಡಗಿದವು. ಟರ್ರ್, ಟಕ್ಕ, ಟರ್ರ್. ಸಂಕಟವಾದಾಗ ಆ ಕೈಗೆ ಗೊತ್ತಿದ್ದದ್ದು ಅದೊಂದೇ. ಯಾರೋ ಎರಡು ಬಳೆ ತಟ್ಟಿ ಜೊತೆ ಕೊಟ್ಟರು. ಆಮೇಲೆ ಹತ್ತು ಜನ, ಆಮೇಲೆ ಹಾಲಿನವರೆಲ್ಲ. ಆಲೆ ಮರದ ಆ ಸದ್ದು ಎಷ್ಟು ಇಂಪು ಅಂದರೆ ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ಸರಸಮ್ಮ ಬೀಗರನ್ನು ಗೇಲಿ ಮಾಡುವ ಧಾಟಿಯಲ್ಲಿ ಅಲ್ಲೇ ಕಟ್ಟಿ ಹಾಡಿದರು:

"ಕೊಟ್ಟೋರ ಬೆಲ್ಟು ಸಡ್ಲ, ಕೊಟ್ಟ ಬಳೆ ಬಿಗಿಯಮ್ಮ..."

ಜಯಕುಮಾರ್ ಸಾರು ನಡೆಯುವಾಗೆಲ್ಲ ಪ್ಯಾಂಟು ಎಳೆದುಕೊಳ್ಳುತ್ತಾರೆ. ನಾವು ಬಿದ್ದು ಬಿದ್ದು ನಕ್ಕೆವು. ಗುಲ್ಜಾರ್ ತಲೆ ಎತ್ತಿದಳು. ಅವಳೊಳಗಿನ ಮಾಗಡಿ ಮದುವೆ ಮನೆ ಎದ್ದು ಕೂತಿತು. ಸರಸಮ್ಮನ ಒಂದು ಸಾಲಿಗೆ ಇವಳದು ಉರ್ದುವಿನಲ್ಲಿ ಒಂದು ಸಾಲು. ನಮಗೆ ಅರ್ಧ ಅರ್ಥವಾಗಲಿಲ್ಲ, ಅರ್ಥವಾಗದ್ದಕ್ಕೂ ನಕ್ಕೆವು. ಊಟದ ಗಂಟೆ ಮುಗಿದದ್ದೇ ಗೊತ್ತಾಗಲಿಲ್ಲ.

ಸಾರು ಬಂದಾಗ ಎಲ್ಲರೂ ಮಿಷನ್ ಮುಂದೆ ಕೂತು ತಲೆ ಬಗ್ಗಿಸಿ ಹೊಲಿಯುತ್ತಿದ್ದೆವು. ಮೂಟೆ ಚಪ್ಪಟೆಯಾಗಿ ಬಿದ್ದಿತ್ತು. "ಬಳೆ ಎಲ್ಲಿ?" ಅಂದರು. ಸರಸಮ್ಮ ಎದ್ದರು.

"ಕೊಟ್ಟುದ್ನ ವಾಪಸ್ ಕೇಳ್ತಾರಾ ಸಾ? ನಂಗಾಗ್ದಿದ್ರೆ ನನ್ ಮೊಮ್ಮಗೀಗೆ ಆಯ್ತದೆ. ಬ್ಯಾಗಿಗೆ ಹಾಕ್ಕೊಂಡಿವ್ನಿ."

ನನ್ನ ಊಟದ ಬ್ಯಾಗಿನಲ್ಲೂ ಇತ್ತು, ನನ್ನ ಮಗಳಿಗೆ. ಪಕ್ಕದವಳದು ತಂಗಿಗೆ. ಅಲ್ಲಿದ್ದ ಹೆಂಗಸರಲ್ಲಿ ಮನೆಯಲ್ಲಿ ಚಿಕ್ಕ ಕೈಯೊಂದು ಇಲ್ಲದವರು ಯಾರು? ಜಯಕುಮಾರ್ ಸಾರು ಬ್ಯಾಗುಗಳ ಸಾಲು ನೋಡಿದರು, ನಮ್ಮ ಮುಖ ನೋಡಿದರು, ಪ್ಯಾಂಟು ಎಳೆದುಕೊಂಡು ಹೊರಟುಹೋದರು.

ಆದರೂ ಇದನ್ನು ಪಾಸು ಅನ್ನಲು ಗುಲ್ಜಾರಿಗೆ ಧೈರ್ಯವಾಗಲಿಲ್ಲ. ಸಂಜೆ ವ್ಯಾನಿನಲ್ಲಿ ನನ್ನ ಕೈ ಬಿಡಲೇ ಇಲ್ಲ. "ಅಬ್ಬಾ ಮುಂದೆ ಒಬ್ಳೇ ನಿಲ್ಲಕ್ಕಾಗಲ್ಲ, ನೀನೂ ಬಾ" ಅಂದಳು. ಹೋದೆ.

ವಹಾಬ್ ಸಾಬ್ರು ಶೆಡ್ಡಿನಲ್ಲೇ ಕಾಯುತ್ತಿದ್ದರು. ನನಗೂ ತಿಳಿಯಲಿ ಅಂತ ಕನ್ನಡದಲ್ಲೇ ಮಾತಾಡಿದರು.

"ಕೈಗೆ ಆಯ್ತಾ?"

"ಒಬ್ರಿಗೂ ಆಗ್ಲಿಲ್ಲ ಅಬ್ಬಾ" ಅಂದಳು ಗುಲ್ಜಾರ್. ಮೂಟೆಯ ತಳದಲ್ಲಿ ಉಳಿದಿದ್ದ ಒಂದೇ ಒಂದು ಹಳದಿ ಬಳೆ ತೆಗೆದು ಕೊಟ್ಟಳು.

ಸಾಬ್ರು ನಂಬಲಿಲ್ಲ. ಇಷ್ಟು ಚೆಂದದ ಮಾಲು ಯಾಕೆ ಆಗುವುದಿಲ್ಲ ಅಂತ ನಾಲ್ಕು ಬೆರಳು ಒಟ್ಟು ಮಾಡಿ ತೂರಿಸಿದರು, ಹಟಕ್ಕೆ ಬಿದ್ದು ತಳ್ಳಿದರು. ಬಳೆ ಬೆರಳ ಗೆಣ್ಣಿಗೆ ಕಚ್ಚಿಕೊಂಡು ಕೂತುಬಿಟ್ಟಿತು. ಎಳೆದರು, ಬರಲಿಲ್ಲ. ಎಣ್ಣೆ ಬಿಟ್ಟೆವು, ಸೋಪು ಹಚ್ಚಿದೆವು, ಬರಲಿಲ್ಲ. ಬೆರಳೆಲ್ಲ ಒಟ್ಟಾಗಿ ಬಾತುಕೋಳಿ ಕೊಕ್ಕಿನ ಹಾಗೆ ಕಾಣುತ್ತಿತ್ತು. ನಗು ತಡೆಯಲು ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಗುಲ್ಜಾರ್ ಗರಗಸ ತಂದಳು. ಸಾಬ್ರು ಕೈ ಹಿಂದಕ್ಕೆ ಎಳೆದುಕೊಂಡರು.

"ಕುಯ್ಯಬೇಡ. ಇಂಥ ನುಣುಪು ಈ ಶೆಡ್ಡಲ್ಲಿ ಯಾರ ಕೈಲೂ ಬಂದಿಲ್ಲ. ಊತ ಇಳುದ್ರೆ ತಾನೇ ಬತ್ತದೆ." ಆಮೇಲೆ ತಡೆದು ಕೇಳಿದರು, "ವಾಪಸ್ ಬಂದಿದ್ದು ಎಷ್ಟು?"

"ಅದೊಂದೇ ಅಬ್ಬಾ."

"ಇದು ವಾಪಸ್ ಬಂದಂಗಲ್ಲ. ಇದು ನನ್ ಕೈಲಿ ಐತೆ."

ಸಾಬ್ರು ಚಾಪೆಯ ಮೇಲೆ ಬಣ್ಣದ ಬಟ್ಟಲಿನ ಮುಂದೆ, ಸೊಸೆ ಎರಡು ವರ್ಷ ಕೂತಿದ್ದ ಜಾಗದಲ್ಲಿ ಹೋಗಿ ಕೂತರು. ಆ ಕೊಕ್ಕಿನಂಥ ಕೈಗೂ ಹೆಬ್ಬೆರಳಿಗೂ ನಡುವೆ ಬ್ರಷ್ ಸಿಕ್ಕಿಸಿಕೊಂಡು ಒಂದು ಗೊಂಬೆಗೆ ಕಣ್ಣು ಬರೆಯಲು ನೋಡಿದರು. ಕಣ್ಣು ಗೊಂಬೆಯ ಕಿವಿಯ ಹತ್ತಿರ ಹೋಯಿತು. ಬ್ರಷ್ ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ಅವರು ಬ್ರಷ್ಷನ್ನು ತಿರುಗಿಸಿ ನೋಡಿದರು.

"ಎರಡು ವರ್ಷ ಹಿಂಗೇ ಹಿಡೀತಿದ್ಯಾ?" ಅಂದರು.

ಅವಳು ತಲೆಯಾಡಿಸಿದಳು.

"ಏನ್ ನೋಡ್ತಾ ನಿಂತೆ. ಹೋಗಿ ಕೂತ್ಕೊ."

ಬಾಗಿಲಲ್ಲಿ ವ್ಯಾನಿನ ಕೀ ತಿರುಗಿಸುತ್ತಾ ನಿಂತಿದ್ದ ಸುಹೇಲ್, "ಅಬ್ಬಾ, ಅದು ನನ್ ಲೇತಲ್ವಾ?" ಅಂದ.

"ನಿಂಗೆ ವ್ಯಾನ್ ಐತಲ್ಲ" ಅಂದರು ಸಾಬ್ರು, ಗೊಂಬೆಯಿಂದ ಕಣ್ಣೆತ್ತದೆ. ಗುಲ್ಜಾರ್ ಬೀ ಮೂಗು ಒರೆಸಿಕೊಂಡು ತನ್ನ ಲೇತಿನ ಮುಂದೆ ಕೂತು ಸ್ವಿಚ್ ಹಾಕಿದಳು.